ಅಂಚಿನಲ್ಲಿದ್ದ ಹಾಡು

ಮೇಘಾಳ ಕಂಪ್ಯೂಟರು ಹೇಳಿದ ಮಾತು ಕೇಳುತ್ತಿದ್ದದ್ದು ಅದಕ್ಕೆ ಮನಸ್ಸು ಬಂದಾಗ ಮಾತ್ರ. ಮುಂಡಗೋಡದಲ್ಲಿ ಬಾಗಿಲು ಹಾಕಿದ ಸೈಬರ್ ಅಂಗಡಿಯಿಂದ ತಂದದ್ದು ಅದು. ಚಿಗಳ್ಳಿ ಹತ್ತಿರದ ತಾಂಡಾದಲ್ಲಿ, ತವರಿನ ಪಡಸಾಲೆಯಲ್ಲಿ ಕೂತು, ಮದುವೆಗೆ ಮೊದಲು ಅವಳು ಅದರಲ್ಲೇ ಟೈಪಿಂಗ್ ಕಲಿತಳು, ತಾಂಡಾದವರ ಅರ್ಜಿಗಳನ್ನು ತುಂಬಿಕೊಟ್ಟಳು. ಗಣೇಶಗುಡಿಯಲ್ಲಿ ರಾಫ್ಟಿಂಗ್ ದೋಣಿ ನಡೆಸುವ ದೇವರಾಜನ ಕೈಹಿಡಿದು ಹೋಗುವಾಗ ಅದನ್ನು ಇಲ್ಲೇ ಬಿಟ್ಟಿದ್ದಳು. ಈಗ ತಂಗಿ ಕಾಜಲ್‌ಳ ಮದುವೆಗೆಂದು ಎದೆಹಾಲಿನ ಕೂಸನ್ನು ಎತ್ತಿಕೊಂಡು ಬಂದವಳು, ಒಲೆಯ ಮುಂದೆ ಕೂರುವ ಬದಲು ಅದರ ಮುಂದೆ ಕೂತಿದ್ದಳು.

ಕಾರಣ, ಅವಳದೇ ಮದುವೆಯ ವಿಡಿಯೊ ಇದ್ದ ಡಿಸ್ಕು. ಲಂಬಾಣಿ ಮದುವೆಯಲ್ಲಿ ಮಗಳನ್ನು ಕಳಿಸುವ ಹೊತ್ತಿಗೆ ಢಾವಲೋ ಹಾಡಬೇಕು. ಮಗಳು ತಾಯಿಯ ಕೊರಳು ತಬ್ಬಿ ಅಳುತ್ತ ಹಾಡುತ್ತಾಳೆ, ತಾಯಿಯೂ ಅಳುತ್ತಲೇ ಹಾಡಿ ಉತ್ತರ ಕೊಡುತ್ತಾಳೆ. ಅವರ ತಾಯಿ ಫೂಲಿಬಾಯಿ, ಮಕ್ಕಳ ಬಾಯಲ್ಲಿ ಯಾಡಿ, ಅಂದು ಹಾಡಿದಾಗ ಕ್ಯಾಮೆರಾ ಹಿಡಿದವನೂ ಕಣ್ಣೊರೆಸಿಕೊಂಡಿದ್ದ. "ಸುಮ್ಮಸುಮ್ಮನ ಹಾಡೂ ಹಾಡಲ್ಲ ಅದು. ಮಗಳು ಹೊಸ್ತಿಲ ದಾಟೂವಾಗ ತಾನ ಬರತೈತಿ," ಎನ್ನುತ್ತಿದ್ದ ಯಾಡಿ ಅದನ್ನು ಕಾಜಲ್‌ಗೆ ಕಲಿಸಲೇ ಇಲ್ಲ. ಎರಡು ವರ್ಷದ ಹಿಂದೆ ಗದ್ದೆಯಿಂದ ಬಂದು ತಲೆನೋವೆಂದು ಮಲಗಿದವಳು ಮತ್ತೆ ಏಳಲಿಲ್ಲ. ವಿಡಿಯೊ ಮಾಡಿದವರು ಸ್ಟುಡಿಯೋ ಮುಚ್ಚಿ ಎತ್ತಲೋ ಹೋಗಿದ್ದರು. ಯಾಡಿಯ ದನಿ ಉಳಿದದ್ದು ಆ ಡಿಸ್ಕಿನಲ್ಲಿ ಮಾತ್ರ.

"ಯಾಡಿ ಹಾಡೂದು ಒಂದ್ಸಲ ಕೇಳಿ ಹೋಗ್ತೇನಿ, ಅಷ್ಟ," ಎಂದಿದ್ದಳು ಕಾಜಲ್. ಸೀರೆ ಆರಿಸುವಾಗಲೂ ಅವಳು ಇಷ್ಟು ಆಸೆಯಿಂದ ಏನನ್ನೂ ಕೇಳಿರಲಿಲ್ಲ.

ಡಿಸ್ಕು ಇಡುವ ತಟ್ಟೆ ಒಮ್ಮೆ ಹೊರಗೆ ಬರುತ್ತಿತ್ತು, ಒಮ್ಮೆ ಗುರ್ರೆಂದು ಒಳಗೇ ಉಳಿಯುತ್ತಿತ್ತು. ಆಗ ಅದರ ಕೆಳಗಿನ ಸಣ್ಣ ತೂತಿಗೆ ಪಿನ್ನು ಚುಚ್ಚಿ ಎಳೆಯಬೇಕು. ಡಿಸ್ಕನ್ನು ಇಟ್ಟು ಮುಚ್ಚಿದರೆ ದೀಪ ಮಿಣುಕುತ್ತಿತ್ತು, ಆಮೇಲೆ ಡಿಸ್ಕು ಹಾಕಿರೆಂದು ಪರದೆ ಹೇಳುತ್ತಿತ್ತು.

"ಹಾಕೇನಿ ತಗೋ. ಕಣ್ಣು ಕಾಣವಲ್ದೇನು ನಿನಗ?" ಮೇಘಾ ಕಂಪ್ಯೂಟರಿಗೇ ಬೈದಳು.

"ನಿನ್ನ ಮಶೀನು ಮಗ್ಗಲಮನಿ ತಾಯವ್ವ ಆಯೀಗಿಂತ ಮುದಿಕಿ ಆಗೇತಿ ಅಕ್ಕಾ," ಕಾಜಲ್ ಹಿಂದಿನಿಂದ ನಕ್ಕಳು. "ಆಯಿ ಆದ್ರ ಕೂಗಿದ್ರ ಓ ಅಂತಾಳ."

ಬಾಗಿಲ ಬಳಿ ಕೂತಿದ್ದ ತಂದೆ ಥಾವರೆಪ್ಪ, "ನೆತ್ತಿ ಮ್ಯಾಲ ಒಂದು ಕೊಡು. ನಮ್ಮ ರೇಡಿಯೋ ಹಂಗ ಹಾಡ್ತಿತ್ತು," ಎಂದ.

"ಹೊಡದ್ರ ಇದು ಇದ್ದದ್ದೂ ಮರೀತೈತಿ, ಬಾಪು."

ಕೂಸು ತೊಟ್ಟಿಲಲ್ಲಿ ಮಲಗಿದ ಹೊತ್ತು ನೋಡಿ ಅವಳು ಡಬ್ಬಿಯ ತಿರುಪು ಬಿಚ್ಚಿದಳು. ಧೂಳು ಊದಿ, ಕೇಬಲ್ಲನ್ನು ಕಿತ್ತು ಮತ್ತೆ ಒತ್ತಿ ಕೂರಿಸಿದಳು. ಕರೆಂಟಿನ ವೈರು ಬದಲಿಸಿದಳು. ಗಂಡನ ಹಳೆಯ ಹಾಡಿನ ಡಿಸ್ಕು ಹಾಕಿದರೆ ಒಮ್ಮೆ ಓದಿತು, ಇನ್ನೊಮ್ಮೆ ಓದಲಿಲ್ಲ. ಹಾಗಾದರೆ ಡ್ರೈವು ಸತ್ತಿಲ್ಲ, ಕಣ್ಣು ಮಂಜಾಗಿದೆ ಎಂದುಕೊಂಡು ಡ್ರೈವನ್ನೇ ಹೊರತೆಗೆದು ಬಿಚ್ಚಿದಳು. ಕೂಸಿನ ಆರೈಕೆಗೆಂದು ತಂದಿದ್ದ ಹತ್ತಿಕಡ್ಡಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ, ಒಳಗಿನ ಪುಟ್ಟ ಗಾಜನ್ನು ಮೆಲ್ಲಗೆ ಒರೆಸಿದಳು.

ಹತ್ತಿ ಕೆಂಪಾಗಿ ಬಂತು.

"ಕುಂಕುಮ ಅದು," ಎಂದಳು ಕಾಜಲ್, ದನಿ ತಗ್ಗಿಸಿ. ಥಾವರೆಪ್ಪ ಆಗ ಚಪ್ಪರದ ಕಂಬ ನೋಡಲು ಎದ್ದು ಹೋಗಿದ್ದ. "ಬಾಪು ಪೂಜಿ ಮಾಡ್ತಾನ. ಮಾನವಮಿಗಷ್ಟ ಅಲ್ಲ, ಯಾಡಿ ಹ್ವಾದಾಗಿಂದ ಅಮಾಸಿ ಅಮಾಸಿಗಿ. ಆಕಿ ಇದರಾಗ ಅದಾಳಲ್ಲ ಅಂತಾನ."

ಮಹಾನವಮಿಗೆ ಕುಡಗೋಲು, ಸಲಿಕೆ, ಪಂಪಿನ ಜೊತೆ ಕಂಪ್ಯೂಟರಿಗೂ ಬೊಟ್ಟು ಬೀಳುವುದು ಮೇಘಾಳಿಗೆ ಗೊತ್ತಿತ್ತು. ಡಿಸ್ಕಿಗೂ ಬೀಳುತ್ತದೆಂದು ಗೊತ್ತಿರಲಿಲ್ಲ. ಮೇಲಿನ ಬದಿಯಲ್ಲಿ ಮಗಳು ಅಳಿಯನ ಫೋಟೋ ಇದ್ದದ್ದರಿಂದ ಅವನು ಅದನ್ನು ತಿರುವಿ, ಕನ್ನಡಿಯಂತೆ ಹೊಳೆಯುವ ಬದಿಗೆ ಬೊಟ್ಟಿಡುತ್ತಿದ್ದನಂತೆ. ನಡುವೆ ಬೆರಳು ತಾಗಬಾರದೆಂದು ಅಂಚಿನ ಸುತ್ತಲೇ ಇಡುತ್ತಿದ್ದನಂತೆ. ಮುಂದಿನ ಅಮಾವಾಸ್ಯೆಗೆ ಹಳೆಯದನ್ನು ಒದ್ದೆ ಬಟ್ಟೆಯಿಂದ ಗಸಗಸ ಉಜ್ಜಿ, ಹೊಸದಾಗಿ ಇಟ್ಟು, ತಟ್ಟೆಯ ಮೇಲೆ ಕೂರಿಸಿ ಒಳಗೆ ಕಳಿಸುತ್ತಿದ್ದ.

ಗಾಜು ತಿಳಿಯಾದ ಮೇಲೆ ಡಿಸ್ಕು ಓಡಿತು. ತಂದೆಯನ್ನೂ ಕರೆದರು. ಅರಿಶಿನದ ಶಾಸ್ತ್ರ ಬಂತು, ಊಟದ ಪಂಕ್ತಿ ಬಂತು. ಸಾರಿನ ಬಕೆಟ್ಟು ಹಿಡಿದ ಯಾಡಿ ಯಾರನ್ನೋ ಗದರಿಸುತ್ತಿದ್ದಳು, ಆದರೆ ಬ್ಯಾಂಡಿನ ಗದ್ದಲದಲ್ಲಿ ಮಾತು ಕೇಳಿಸಲಿಲ್ಲ. ಆಮೇಲೆ ಅಂಗಳ. ಹಸಿರು ಸೀರೆಯ ಮೇಘಾ ತಾಯಿಯ ಕೊರಳಿಗೆ ಬಿದ್ದಳು. ಯಾಡಿ ಬಾಯಿ ತೆರೆದಳು. ಅಷ್ಟಕ್ಕೆ ಚಿತ್ರ ಚೌಕ ಚೌಕವಾಗಿ ಒಡೆದು, ಕಟ್ ಕಟ್ ಎಂದು ನಿಂತುಬಿಟ್ಟಿತು.

"ಯಾಕ ನಿಂತ್ಲು?" ಎಂದು ಕೇಳಿದ ಥಾವರೆಪ್ಪ.

ಎಷ್ಟು ಸಲ ಹಾಕಿದರೂ ಅಲ್ಲಿಗೇ ನಿಂತಿತು. ಮರುದಿನ ಮೇಘಾ ಕೂಸನ್ನು ಕಟ್ಟಿಕೊಂಡು ಮುಂಡಗೋಡದ ಬಸ್ಸು ಹತ್ತಿದಳು. ರಿಪೇರಿ ಅಂಗಡಿಯ ಸಂಜೀವಕುಮಾರ ಡಿಸ್ಕಿಗೆ ಪಾಲಿಶ್ ಮಾಡಿ ತನ್ನ ಹೊಸ ಡ್ರೈವಿಗೆ ಹಾಕಿದ. ಅದೂ ಅಲ್ಲೇ ನಿಂತಿತು.

"ಡಿಸ್ಕು ನಡುವಿನಿಂದ ಹೊರಗ ಓದ್ಕೋತ ಹೋಗ್ತದ್ರಿ ಅಕ್ಕಾರ. ಕಡೀಕಿನ ಭಾಗ ಅಂಚಿನ್ಯಾಗಿರತದ. ಅಂಚ ಪೂರಾ ಗೀರ ಆಗೇತಿ. ಅಲ್ಲೀತನಕ ಇದ್ದದ್ದೆಲ್ಲಾ ಕಾಪಿ ಮಾಡಿ ಕೊಡ್ತೇನಿ, ಹಾಡು ಮಾತ್ರ ಬರೂದಿಲ್ರಿ."

ಬಂದಷ್ಟನ್ನು ಮೊಬೈಲಿಗೆ ಹಾಕಿಸಿಕೊಂಡು ಅವಳು ಮನೆಗೆ ಬಂದಳು. ಥಾವರೆಪ್ಪ ಕಂಪ್ಯೂಟರ್ ಮುಂದೆಯೇ ಕೂತಿದ್ದ. ಅವಳು ಎಸೆಯಲು ಮರೆತಿದ್ದ ಕೆಂಪು ಹತ್ತಿಕಡ್ಡಿ ಅವನ ಕೈಯಲ್ಲಿತ್ತು.

"ಮಶೀನು ಹಳೀದು ಬಾಪು. ತುಕ್ಕು ಹಿಡದೈತಿ," ಎಂದಳು ಮೇಘಾ.

ಅವನು ಅದನ್ನು ಮೂಗಿನ ಹತ್ತಿರ ಹಿಡಿದ. "ತುಕ್ಕು ನಾ ಕಂಡಿಲ್ಲೇನು, ಅವ್ವಿ," ಎಂದ. ಕೂಸು ಅತ್ತಿತು. ಅವಳು ಅದನ್ನು ಎದೆಗೆ ಹಚ್ಚಿಕೊಂಡು ಗೋಡೆಯ ಕಡೆ ತಿರುಗಿ ಕೂತಳು. ಅಂದು ಅವನು ಊಟಕ್ಕೆ ಏಳಲಿಲ್ಲ.

ಮದುವೆಯ ಮರುದಿನ ಬೆಳಿಗ್ಗೆ ಕಾಜಲ್ ಅಂಗಳಕ್ಕೆ ಬಂದಳು. ಮೊದಲು ಮೇಘಾಳ ಕೊರಳು ತಬ್ಬಿ, ತಾನೇ ಕಟ್ಟಿಕೊಂಡ ಸಾಲೊಂದನ್ನು ಹಾಡಿದಳು. ಇನ್ನು ತಾಯಿ ಉತ್ತರ ಕೊಡಬೇಕು. ಮೇಘಾ ಬಾಯಿ ತೆರೆದಳು. ತಾನು ಹಾಡಿದ ಸಾಲುಗಳೆಲ್ಲ ನೆನಪಿದ್ದವು, ಯಾಡಿ ಹಾಡಿದ್ದರಲ್ಲಿ ಒಂದೂ ನೆನಪಿರಲಿಲ್ಲ. ತನ್ನ ಮದುವೆಯಂದು ಅವಳು ಕೇಳಿಸಿಕೊಂಡಿರಲೇ ಇಲ್ಲ, ಅತ್ತಿದ್ದಳಷ್ಟೇ. ಸುತ್ತ ನಿಂತ ಹೆಂಗಸರು, ಇವಳು ಹಾಡಲಿ ಎಂದು ಅವಳು, ಅವಳು ಹಾಡಲಿ ಎಂದು ಇವಳು, ಒಬ್ಬರನ್ನೊಬ್ಬರು ಮೊಣಕೈಯಿಂದ ತಿವಿದರು.

ಕಾಜಲ್ ಅಕ್ಕನ ಭುಜದ ಮೇಲೆ ಮುಖವಿಟ್ಟು ಉತ್ತರಕ್ಕೆ ಕಾದಳು. ಆಮೇಲೆ ಮಾತಿಲ್ಲದೆ, ರಾಗವಿಲ್ಲದೆ, ಚಿಕ್ಕ ಮಕ್ಕಳ ಹಾಗೆ ಅತ್ತಳು.

ಥಾವರೆಪ್ಪ ಬಂದು ಅವಳ ರಟ್ಟೆ ಹಿಡಿದ. "ನಡೀ ಅವ್ವಿ," ಎಂದ. "ಅಳಿಯಂದ್ರು ಬಿಸಲಾಗ ನಿಂತಾರ."