ನೀರು ಹಾಕದೆ ಎದ್ದ ಕನ್ನಮ್ಮ

ಅದು ಶುರುವಾದದ್ದು ಪುಷ್ಯ ಮಾಸದ ಚಳಿಯಲ್ಲಿ, ಬೆಳಗಿನ ಏಳು ಗಂಟೆ ಸುಮಾರಿಗೆ. ಆನಂದಪುರದಿಂದ ಒಳಗೆ ಹೋಗುವ ರಸ್ತೆಯ ಪಕ್ಕದಲ್ಲಿ ಯಮುನಮ್ಮನವರ ಮನೆ. ಬಚ್ಚಲಲ್ಲಿ ಹಂಡೆ ಕಾದಿತ್ತು. ಮಗಳು ಭವ್ಯಾ ಚೊಚ್ಚಲ ಹೆರಿಗೆ ಮುಗಿಸಿ ಹಿಂದಿನ ಸಂಜೆಯಷ್ಟೇ ಪೇಟೆಯ ಒಂದು ಖಾಸಗಿ ಆಸ್ಪತ್ರೆಯಿಂದ ತವರಿಗೆ ಬಂದಿದ್ದಳು. ಹೆಣ್ಣು ಕೂಸು. ಮೊದಲ ನೀರು ಹಾಕುವುದಕ್ಕೆ ಕನ್ನಮ್ಮನವರನ್ನು ಕರೆಸಿದ್ದರು. ಭವ್ಯಾಳಿಗೂ ಮೊದಲ ನೀರು ಹಾಕಿದವರು ಅವರೇ.

ನಮ್ಮ ಕಡೆ ಇದಕ್ಕೊಂದು ಕ್ರಮ ಇದೆ. ನೀರು ಹಾಕುವವರಿಗೆ ಮೊದಲು ರವಿಕೆ ಕಣ, ತೆಂಗಿನಕಾಯಿ, ಎಲೆ ಅಡಿಕೆ ಕೊಡಬೇಕು. ಅದನ್ನು ಮಡಿಲಿಗೆ ಹಾಕಿಕೊಂಡು ಅವರು ಕಾಲು ಚಾಚಿ ಕೂರುತ್ತಾರೆ, ಕೂಸನ್ನು ಕಾಲ ಮೇಲೆ ಮಲಗಿಸಿಕೊಳ್ಳುತ್ತಾರೆ. ಕಣ ತೆಗೆದುಕೊಂಡ ಮೇಲೆ ನೀರು ಹಾಕದೆ ಏಳುವ ಹಾಗಿಲ್ಲ. ಎದ್ದರೆ ಈ ಕೂಸು ಉಳಿಯುವುದಿಲ್ಲ ಎಂದು ಬಾಯಿಬಿಟ್ಟು ಹೇಳಿದ ಹಾಗೆ.

ಕನ್ನಮ್ಮ ಅವತ್ತು ಎದ್ದರು. ಬಟ್ಟೆ ಬಿಚ್ಚಿದಾಗ ಕೂಸಿನ ಎಡಗೈ ಮುಷ್ಟಿ ಹಿಡಿದು ಆಡುತ್ತಿತ್ತು. ಬಲಗೈ ಮಾತ್ರ ಮೈಗೆ ಅಂಟಿ ನೆಟ್ಟಗೆ ಬಿದ್ದಿತ್ತು, ಅಂಗೈ ಹಿಂದಕ್ಕೆ ತಿರುಗಿತ್ತು. ಮೆಲ್ಲಗೆ ಎತ್ತಿ ಬಿಟ್ಟರೆ ಒದ್ದೆ ಬಟ್ಟೆಯಂತೆ ಬಿತ್ತು. “ಇದನ್ನ ಡಾಕ್ಟ್ರಿಗೆ ತೋರ್ಸಿ, ನಾ ಎಣ್ಣೆ ಮುಟ್ಸಲ್ಲ” ಎಂದು ಕಣವನ್ನು ಮಣೆಯ ಮೇಲೆ ಇಟ್ಟು ಹೊರಟರು. ಯಮುನಮ್ಮ ಬಸ್ ನಿಲ್ದಾಣದವರೆಗೂ ಹಿಂದೆಯೇ ಬಂದು ಬೈದರು. ಬಸ್ಸಿಗೆ ನಿಂತವರೆಲ್ಲ ಕೇಳಿದರು. ಅಲ್ಲಿಂದ ಇಬ್ಬರಿಗೂ ಮಾತಿಲ್ಲ.

ಕನ್ನಮ್ಮನವರಿಗೆ ಈಗ ಅರವತ್ತೈದರ ಮೇಲಾಗಿದೆ. ಗಂಡ ಜಟ್ಟಿಂಗಪ್ಪ ತೀರಿಹೋದ ಮೇಲೆ ಇದೇ ಕೆಲಸ. ಬೆಳಕು ಹರಿಯುವ ಮೊದಲೇ ಹೊರಡುತ್ತಾರೆ. ಒಂದು ಮನೆಯಲ್ಲಿ ಬಾಣಂತಿ, ಮಗು ಮುಗಿಸಿ ಇನ್ನೊಂದು ಮನೆಗೆ. ಹೊಸನಗರದ ಕಡೆಯಿಂದಲೂ ಕರೆ ಬರುತ್ತದೆ, ತೀರ್ಥಹಳ್ಳಿಗೂ ಒಮ್ಮೆ ಹೋಗಿ ಒಂದು ಬಾಣಂತನ ಪೂರ್ತಿ ಉಳಿದು ಬಂದಿದ್ದಾರೆ. ಕೆಲಸ ಎಂಥದ್ದು ಎಂದು ಕೇಳಿದರೆ, “ಎಂತ ಇದೆ ಅದ್ರಲ್ಲಿ? ಬಿಸಿ ನೋಡ್ಬೇಕು, ಕಿವಿಗೆ ನೀರು ಹೋಗ್ಬಾರ್ದು, ಅಜ್ಜಿಯಂದ್ರು ಹೇಳಿದ್ದಕ್ಕೆಲ್ಲ ಹೂಂ ಅನ್ಬೇಕು” ಎನ್ನುತ್ತಾರೆ.

ಅವರು ಎದ್ದುಹೋದ ಮರುದಿನ ಭವ್ಯಾಳ ಗಂಡ ನಿರಂಜನ ಕೂಸನ್ನು ಹೆರಿಗೆಯಾದ ಆಸ್ಪತ್ರೆಗೇ ಒಯ್ದ. ತಾನಾಗಿ ಸರಿಹೋಗುತ್ತದೆ ಎಂದು ಕಳಿಸಿದರು. ಸರಿಹೋಗಲಿಲ್ಲ. ಶಿವಮೊಗ್ಗದ ಮಕ್ಕಳ ಡಾಕ್ಟರು, ಹೆರಿಗೆಯಲ್ಲಿ ಭುಜ ಸಿಕ್ಕಿಕೊಂಡಾಗ ಜೋರಾಗಿ ಎಳೆದರೆ ಕುತ್ತಿಗೆಯ ನರಕ್ಕೆ ಹೀಗೆ ಪೆಟ್ಟಾಗುತ್ತದೆ ಎಂದರು. ಭವ್ಯಾಳಿಗೆ ಆ ಹೊತ್ತು ಚೆನ್ನಾಗಿ ನೆನಪಿದೆ. ವೈದ್ಯರು ಬಂದದ್ದು ಎಲ್ಲ ಮುಗಿದ ಮೇಲೆ. ಎಳೆದವಳು ನರ್ಸು. ಬಟ್ಟೆ ಸುತ್ತಿ ಕೊಟ್ಟ ಕೂಸಿನ ಕೈಯ ಬಗ್ಗೆ ಆಸ್ಪತ್ರೆಯಲ್ಲಿ ಯಾರೂ ತುಟಿ ಬಿಚ್ಚಿರಲಿಲ್ಲ.

ಕೂಸಿಗೆ ಸಿಂಚನ ಎಂದು ಹೆಸರಿಟ್ಟರು. ಅದರ ಚಿಕಿತ್ಸೆಗೆ ಪರಿಹಾರ ಕೇಳಿ ಸಾಗರದ ವಕೀಲ ಉಮೇಶ್ ಮನೆಯವರ ಪರವಾಗಿ ಶಿವಮೊಗ್ಗದ ಗ್ರಾಹಕರ ಆಯೋಗದಲ್ಲಿ ಆಸ್ಪತ್ರೆಯ ಮೇಲೆ ದೂರು ಹಾಕಿದರು. ಆಸ್ಪತ್ರೆಯ ಕಡೆಯಿಂದ ಉತ್ತರ ಬಂತು: ಮಗು ಇಲ್ಲಿಂದ ಹೋಗುವಾಗ ಸರಿಯಾಗಿತ್ತು, ಹಳ್ಳಿಯಲ್ಲಿ ನೀರು ಹಾಕುವ ಹೆಂಗಸರು ಕೈಕಾಲು ಎಳೆಯುತ್ತಾರೆ, ಅಲ್ಲೇ ಆದ ಪೆಟ್ಟು.

ಈ ಮಾತು ಆಯೋಗದಿಂದ ಹೊರಗೆ ಬಂದು ಬಸ್ಸು ಹತ್ತಿತು. ಊರೂರು ಸುತ್ತಿತು. ಆ ಮಳೆಗಾಲ ಕನ್ನಮ್ಮನವರನ್ನು ಯಾರೂ ಕರೆಯಲಿಲ್ಲ. ಆಯೋಗ ಅದನ್ನೇ ನಂಬಿದರೆ ಕೂಸಿಗೆ ಪರಿಹಾರವಿಲ್ಲ, ಇವರಿಗೆ ಇನ್ನು ಕೆಲಸವಿಲ್ಲ.

ಯಮುನಮ್ಮ ಒಂದು ಮಧ್ಯಾಹ್ನ ಕನ್ನಮ್ಮನವರ ಅಂಗಳಕ್ಕೆ ಬಂದರು. ಕನ್ನಮ್ಮ ಅಕ್ಕಿ ಆರಿಸುತ್ತಿದ್ದರು, ಏಳಲಿಲ್ಲ.

“ಕನ್ನಕ್ಕ, ಶಿವಮೊಗ್ಗಕ್ಕೆ ಬರ್ಬೇಕಿತ್ತು.”

“ನಿನ್ ಬಾಯಿ ಬಿದ್ದೋಗ್ಲಿ ಅಂದಿದ್ರಲ್ಲ ಯಮುನಮ್ಮ. ಅದೇ ಬಾಯಿ ಈಗ ಕೋರ್ಟಿಗೆ ಬೇಕಾ?”

“ಬೇಕು ಮಾರಾಯ್ತಿ. ಇಲ್ದಿದ್ರೆ ನಿನ್ ಮನೆ ಮೆಟ್ಲು ಯಾಕೆ ಹತ್ತಲಿ?”

“ಕೂತ್ಕಳಿ ಹಂಗಾರೆ. ನಿಂತು ಬೈದದ್ದು ಸಾಕು.”

ಆಯೋಗ ಇಬ್ಬರನ್ನೂ ಕರೆಸಿ ಕೇಳಿತು. ಆಸ್ಪತ್ರೆಯ ವಕೀಲರು ಕನ್ನಮ್ಮನವರಿಗೆ ಮೊದಲು ಕೇಳಿದ್ದು, “ನೀವು ಮಕ್ಕಳ ಕೈ ಎಳೀತೀರಾ?”

“ಎಳೀತೀನಿ ಸಾರ್. ಎದೆ ಮೇಲೆ ಅಡ್ಡ ತಂದು ಬಿಡ್ತೀನಿ. ಎಲ್ಲಾ ಮಕ್ಳಿಗೂ.”

ಉಮೇಶ್ ತಲೆ ತಗ್ಗಿಸಿದರು. ಅಲ್ಲಿಗೆ ಮುಗಿಯಿತು ಎಂದುಕೊಂಡೆ ಎಂದು ಆಮೇಲೆ ಅವರೇ ಹೇಳಿದರು.

“ಹಾಗಾದ್ರೆ ಈ ಮಗುಗೂ?”

“ಈ ಮಗುಗೆ ನಾ ನೀರೇ ಹಾಕ್ಲಿಲ್ವಲ್ಲ. ಕೈ ಕಂಡು ಹೆದರಿಕೆ ಆಯ್ತು. ನಾಳೆ ನನ್ನ ತಲೆಗೇ ಕಟ್ತಾರೆ ಅಂತ ಎದ್ಬಂದೆ.” ವಕೀಲರ ಕಡೆಗೆ ಕೈ ತೋರಿಸಿ, “ಕಟ್ಟಿದ್ರಲ್ಲ” ಎಂದರು.

ಆಮೇಲೆ ಯಮುನಮ್ಮನವರ ಸರದಿ. ಇವಳನ್ನು ಉಳಿಸಲು ಮಾತಾಡಿಕೊಂಡು ಬಂದಿದ್ದೀರಿ ಎಂದರು ವಕೀಲರು. ಯಮುನಮ್ಮನವರಿಗೆ ಸಿಟ್ಟು ಬಂತು. “ಇವಳನ್ನ ಉಳ್ಸೋಕೆ ನಾ ಯಾಕೆ ಬರ್ಲಿ? ಕಣ ಈಸ್ಕೊಂಡು ನೀರು ಹಾಕ್ದೆ ಎದ್ದೋಳು. ಬಸ್ ಸ್ಟ್ಯಾಂಡ್ ತನಕ ಹೋಗಿ ಬೈದಿದೀನಿ. ಅಂಗಡಿ ಮುಕುಂದಯ್ಯನೋರನ್ನ ಕೇಳಿ.”

“ಏನಂತ ಬೈದ್ರಿ?” ಎಂದು ಪೀಠದಲ್ಲಿ ಕೂತವರು ಕೇಳಿದರು.

“ಇಲ್ಲಿ ಹೇಳೋ ಮಾತಲ್ಲ ಸಾರ್.”

ನಿಲ್ದಾಣದ ಎದುರು ಅಂಗಡಿ ಇಟ್ಟಿರುವ ಮುಕುಂದಯ್ಯನವರು ಬಂದು, ಬೈಗುಳ ಕೇಳಿದ್ದು ನಿಜ, ಕೂಸು ಆಸ್ಪತ್ರೆಯಿಂದ ಬಂದ ಮರುದಿನ ಬೆಳಿಗ್ಗೆಯೇ ಅದು ಎಂದರು. ಊರಿಗೆ ಅದು ಮರೆಯುವ ದಿನವಾಗಿರಲಿಲ್ಲ. ಕಣ ಬಿಟ್ಟು ಎದ್ದದ್ದನ್ನು ಯಾರೂ ಅದಕ್ಕೆ ಮೊದಲು ಕಂಡಿರಲಿಲ್ಲ. ಕೂಸಿಗೆ ಆದ ಅವಮಾನ ಎಂದು ಊರು ನೆನಪಿಟ್ಟುಕೊಂಡದ್ದೇ ಕೂಸಿನ ಪರ ಸಾಕ್ಷಿಯಾಯಿತು. ಇನ್ನೊಬ್ಬ ತಜ್ಞ ವೈದ್ಯರ ಅಭಿಪ್ರಾಯವೂ ಅದಕ್ಕೆ ಕೂಡಿತು. ಕಳೆದ ದೀಪಾವಳಿಯ ಹೊತ್ತಿಗೆ ಆದೇಶ ಬಂತು. ಪರಿಹಾರದ ಹೆಚ್ಚಿನ ಪಾಲು ಸಿಂಚನಳ ಹೆಸರಲ್ಲಿ ಬ್ಯಾಂಕಿನಲ್ಲಿದೆ, ಉಳಿದದ್ದು ಮುಂದೆ ಮಾಡಿಸಬೇಕಾದ ಕೈಯ ಆಪರೇಷನ್ನಿಗೆ. ಆಸ್ಪತ್ರೆಯವರು ಮೇಲಕ್ಕೆ ಹೋಗುವ ಮಾತಾಡಿ ಕೊನೆಗೆ ಬಿಟ್ಟರು. ಹುಡುಗಿಗೆ ಈಗ ನಾಲ್ಕು ತುಂಬಿದೆ. ಬಲಗೈ ಭುಜದವರೆಗೆ ಬರುತ್ತದೆ, ಅದರ ಮೇಲೆ ಏರುವುದಿಲ್ಲ.

ಕನ್ನಮ್ಮನವರಿಗೆ ಕರೆಗಳು ಮತ್ತೆ ಬರುತ್ತಿವೆ, ಮೊದಲಿನಷ್ಟಿಲ್ಲ. ಕೆಲಸದ ಕ್ರಮ ಬದಲಾಗಿದೆ. ಎಣ್ಣೆ ಮುಟ್ಟುವ ಮೊದಲು ಕೂಸನ್ನು ಬೆಳಕಿಗೆ ಮಲಗಿಸಿ ಮನೆಯವರನ್ನೆಲ್ಲ ಕರೆಯುತ್ತಾರೆ. “ಎರಡು ಕೈ, ಎರಡು ಕಾಲು, ಎಲ್ರೂ ನೋಡ್ಕಳಿ. ಆಮೇಲೆ ಎಣ್ಣೆ.” ಕೆಲವರು ಮೊಬೈಲಿನಲ್ಲಿ ವಿಡಿಯೋ ಮಾಡುತ್ತಾರೆ. ಕನ್ನಮ್ಮ ಈಗ ಕೈಕಾಲು ಎಳೆಯುವುದನ್ನು ಬಿಟ್ಟಿದ್ದಾರೆ. ಆಸ್ಪತ್ರೆಯವರ ಮಾತಿಗೆ ಬಿಟ್ಟಿರಾ ಎಂದರೆ, “ಅವ್ರ ಮಾತಿಗಲ್ಲ. ಆ ಕೈ ಬಿದ್ದದ್ದು ಕಣ್ಣಿಂದ ಹೋಗಲ್ಲ, ಅದ್ಕೆ” ಎನ್ನುತ್ತಾರೆ.

ಏನಾದರೂ ಆಸೆ ಉಂಟೇ ಎಂದು ಕೇಳಿದ್ದೆ. “ಆ ಹುಡುಗಿ ತಲೆ ಮೇಲೆ ಒಂದು ಚೊಂಬು ನೀರು ಹಾಕ್ಬೇಕು. ಕೇಳೋಕೆ ನಾಚಿಕೆ” ಎಂದಿದ್ದರು.

ಕೇಳಬೇಕಾಗಿ ಬರಲಿಲ್ಲ. ಆಪರೇಷನ್ನಿಗೆ ದಿನ ಗೊತ್ತಾದ ಮೇಲೆ ಯಮುನಮ್ಮನೇ ಹೇಳಿಕಳಿಸಿದರು. ಅದೇ ಬಚ್ಚಲು, ಅದೇ ಮಣೆ, ರವಿಕೆ ಕಣ ಹೊಸದು. ಕಾಲ ಮೇಲೆ ಮಲಗಿಸುವ ವಯಸ್ಸಲ್ಲ, ಸಿಂಚನ ನಿಂತೇ ಇದ್ದಳು. “ಅಜ್ಜೀ, ಕಣ್ಣಿಗೆ ಸೋಪು” ಎಂದು ಎಡಗೈಯಲ್ಲಿ ಅವರ ಸೆರಗು ಎಳೆದು ಮುಖ ಒರೆಸಿಕೊಂಡಳು. ಕನ್ನಮ್ಮ ಕಣವನ್ನು ಮಡಿಲಲ್ಲೇ ಇಟ್ಟುಕೊಂಡು ಮನೆಗೆ ನಡೆದರು.

ಮರುದಿನ ಸೋಮವಾರ. ಮೊದಲ ಬಸ್ಸಿಗೆ ಭವ್ಯಾ, ನಿರಂಜನ, ಸಿಂಚನ ಆಪರೇಷನ್ನಿಗೆಂದು ಮಣಿಪಾಲಕ್ಕೆ ಹೊರಟರು.