ರಜೆಗೆ ಬಂದವನ ಬೆನ್ನು

ಮೊಣಕಾಲಿನಿಂದ ಕೆಳಗೆ ನನ್ನ ಎಡಗಾಲು ನನ್ನದೇ ಅನ್ನುವುದು ಈಗ ಕಣ್ಣಿಗೆ ಮಾತ್ರ ಗೊತ್ತು. ನಾನು ತೋಟದಿಂದ ಬಂದ ಮೇಲೆ ಹೆಂಡತಿ ಆ ಕಾಲು ನೋಡಿ, ರಕ್ತ ಹೀರುತ್ತ ಕಚ್ಚಿಕೊಂಡಿರುವ ಇಂಬಳ ಕಿತ್ತು ಹಾಕುತ್ತಾಳೆ. ಅಷ್ಟು ಹೊತ್ತೂ ನಾನು ಪೇಪರು ಓದುತ್ತಿರುತ್ತೇನೆ.

ಸೈನ್ಯದಲ್ಲಿದ್ದಾಗ ಉತ್ತರದ ಒಂದು ಬೆಟ್ಟದ ರಸ್ತೆಯಲ್ಲಿ ನಮ್ಮ ಲಾರಿ ಜಾರಿ ಮಗುಚಿತು. ಮೂಳೆ ಮುರಿಯಲಿಲ್ಲ. ಮುರಿದಿದ್ದರೆ ಒಳ್ಳೆಯದಿತ್ತು, ಮುರಿದವರ ಹೆಸರಿನಲ್ಲಿ ಗಾಯದ ದಾಖಲೆಯಾಯಿತು, ನನಗೆ ಹಚ್ಚಿಕೊಳ್ಳಲು ಮುಲಾಮು ಸಿಕ್ಕಿತು. ಬೆನ್ನಿನ ನೋವು ನರ ಹಿಡಿದು ಕಾಲಿಗೆ ಇಳಿಯಲು ಕೆಲವು ವರ್ಷ ತೆಗೆದುಕೊಂಡಿತು. ಕಡೆಗೆ ಪಾದ ಎಳೆದುಕೊಂಡು ನಡೆಯತೊಡಗಿದಾಗ ಮನೆಗೆ ಕಳಿಸಿದರು. ಅಂಗವೈಕಲ್ಯದ ಪಿಂಚಣಿಗೆ ಅರ್ಜಿ ಹಾಕಿದೆ. ಬೆನ್ನು ಕೆಟ್ಟದ್ದು ಸೇವೆಯಲ್ಲೋ ಊರಲ್ಲೋ ಎಂಬುದನ್ನು ವಿಚಾರಿಸಬೇಕು ಎಂದರು. ವಿಚಾರಿಸಿ ಎಂದೆ.

ವಿಚಾರಣೆಯವರು ಕೊಟ್ಟಿಗೆಹಾರದಲ್ಲಿ ಬಸ್ಸಿಳಿದು ನೇರ ನಮ್ಮ ಕಾಫಿ ಕಣಕ್ಕೆ ಬಂದರು. ಆ ದಿನ ನಾನು ಮೂಡಿಗೆರೆಯ ಆಸ್ಪತ್ರೆಯಲ್ಲಿದ್ದೆ. ಕಣದಲ್ಲಿ ಇದ್ದದ್ದು ಮೇಸ್ತ್ರಿ. ನಮ್ಮದೂ ಸೇರಿ ಅಕ್ಕಪಕ್ಕದ ಸಣ್ಣ ತೋಟಗಳಿಗೆಲ್ಲ ಆಳು ಹೊಂದಿಸುವವನು, ನನ್ನದೇ ವಯಸ್ಸಿನವನು. ನಾನು ಎಂಥ ಮನುಷ್ಯ, ರಜೆಗೆ ಬಂದರೆ ಏನು ಮಾಡುತ್ತಿದ್ದೆ ಎಂದು ಬಂದವರು ಕೇಳಿದರು. ನಮ್ಮ ಕಡೆ ಅಪರಿಚಿತರು ಬಂದು ಒಬ್ಬನ ಬಗ್ಗೆ ಹೀಗೆ ಕೇಳುವುದು ಹೆಣ್ಣಿನ ಕಡೆಯವರು ಗಂಡಿನ ಬಗ್ಗೆ ವಿಚಾರಿಸುವಾಗ ಮಾತ್ರ. ಆಗ ಕುಂದು ಮುಚ್ಚಿ ಗುಣ ಹೇಳುವುದು ನೆರೆಯವರ ಧರ್ಮ. ನನಗೆ ಕಾಲೇಜಿಗೆ ಹೋಗುವ ಮಗಳಿದ್ದಾಳೆ ಎಂಬುದು ಆ ಧರ್ಮಕ್ಕೆ ಅಡ್ಡ ಬರಲಿಲ್ಲ.

"ಸುಮ್ನೆ ಕೂರೋ ಜನ ಅಲ್ಲ ಸಾರ್ ಅವ್ರು" ಎಂದನಂತೆ ಮೇಸ್ತ್ರಿ. "ರಜೆಗೆ ಬಂದ್ರೆ ಕೊಯ್ಲಿನ ಮೂಟೆ ಪೂರ್ತಿ ಅವ್ರೇ ಹೊರೂದು. ಮೂಟೆ ಹೊತ್ತು ಆ ಕಡಿದಾದ ದರೆ ಹತ್ತೂದು ನೋಡ್ಬೇಕಿತ್ತು ನೀವು. ನಮ್ಮ ಆಳುಗಳಿಗೇ ನಾಚಿಕೆ ಆಗ್ಬೇಕು."

ಬಂದವರು ಕಾಫಿ ಕುಡಿದು, ಬರೆದುಕೊಂಡು ಹೋದರು. ಮನೆಯಲ್ಲಿ ಭಾರ ಹೊತ್ತದ್ದರಿಂದಲೇ ಬೆನ್ನು ಕೆಟ್ಟಿದೆ, ಸೇವೆಗೂ ಇದಕ್ಕೂ ಸಂಬಂಧವಿಲ್ಲ ಎಂದು ಅರ್ಜಿ ತಿರಸ್ಕಾರವಾಯಿತು.

ಲಾರಿ ಮಗುಚಿದ ಮೇಲಿನ ರಜೆಗಳಲ್ಲೆಲ್ಲ, ದಿನಗಟ್ಟಲೆ ರೈಲಿನಲ್ಲಿ ಕೂತು ಬಂದು ಕೆರಳಿದ ನೋವಿಗೆ, ನಾನು ಜಗುಲಿಯಲ್ಲಿ ಹಲಗೆಯ ಮೇಲೆ ಮಲಗಿರುತ್ತಿದ್ದೆ. ಹೆಂಡತಿ ಕೊಯ್ಲಿನಲ್ಲಿರುತ್ತಿದ್ದಳು. ಮೂಟೆ ಹೊತ್ತವನು ಮೇಸ್ತ್ರಿ. ಹೊತ್ತು ತಂದು ಅಂಗಳದಲ್ಲಿ ಇಳಿಸುವಾಗ ಯಾರಾದರೂ ದಾರಿಯಲ್ಲಿ ಹೋದರೆ, "ಈಗಷ್ಟೇ ಹೊತ್ತು ಹಾಕಿ ಮಲಗಿದ್ರು" ಎಂದು ನನ್ನನ್ನು ತೋರಿಸುತ್ತಿದ್ದ. ಆ ಸುಳ್ಳು ನನಗೂ ಹಿತವಾಗಿತ್ತು.

ತಿರಸ್ಕಾರದ ಸುದ್ದಿಯನ್ನು ಅವನಿಗೆ ನಾನೇ ಹೇಳಿದೆ. ಬೈಯಬೇಕೆಂದು ಹೋಗಿದ್ದೆ. ಸಿಟ್ಟು ಬರಲಿಲ್ಲ, ಆ ದಿನಗಳಲ್ಲಿ ಯಾವುದೂ ಸರಿಯಾಗಿ ಬರುತ್ತಿರಲಿಲ್ಲ. "ಹೊಗಳಿ ಹೊಗಳಿ ಮುಳುಗಿಸಿದೆಯಲ್ಲ ಮಾರಾಯ" ಎಂದೆ.

ಅವನು ಕಣದ ಕಾಫಿಯನ್ನು ಕಾಲಿನಿಂದ ಕೆದಕಿದ. "ಮಿಲಿಟರಿಯವ್ರು ಮಲ್ಗೇ ಇರ್ತಿದ್ರು ಅಂತ ಹೊರಗಿನವ್ರ ಹತ್ರ ಎಂತ ಹೇಳೂದು?" ಎಂದ.

"ಈಗ ಅದನ್ನೇ ಹೇಳ್ಬೇಕು."

ಮೇಲ್ಮನವಿ ಸಲ್ಲಿಸಿದೆ. ಬೆಂಗಳೂರಿನಲ್ಲಿ ವೈದ್ಯರ ಮಂಡಳಿಯ ಮುಂದೆ ಬರಬೇಕು, ಊರಿನ ಸಾಕ್ಷಿ ಇದ್ದರೆ ಕರೆತರಬಹುದು ಎಂದರು. ಇಬ್ಬರೂ ಹೋದೆವು. ಮೇಸ್ತ್ರಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಅದು ಮುದುಡಬಾರದೆಂದು ಬಸ್ಸಿನಲ್ಲಿ ಬೆನ್ನು ತಾಗಿಸದೆ ಕೂತಿದ್ದ. ಆ ಬೆನ್ನು ನೋಡಿ ನನಗೆ ಹೊಟ್ಟೆಕಿಚ್ಚಾಯಿತು.

ವೈದ್ಯರೊಬ್ಬರು ನನ್ನ ಕಾಲಿಗೆ ಸೂಜಿ ಚುಚ್ಚುತ್ತ ಬಂದರು. ಗೊತ್ತಾಯಿತೇ ಎಂದು ಕೇಳಿದಾಗಲೆಲ್ಲ ಇಲ್ಲ ಎಂದೆ. ನರ ಸತ್ತಿದೆ ಎನ್ನುವುದರಲ್ಲಿ ಅವರಿಗೂ ತಕರಾರಿರಲಿಲ್ಲ. ಎಲ್ಲಿ ಸತ್ತಿತು ಎನ್ನುವುದೇ ತಕರಾರು. ಮೇಸ್ತ್ರಿಯನ್ನು ಒಳಗೆ ಕರೆದರು. ಇವರು ಮೂಟೆ ಹೊರುತ್ತಿದ್ದರು ಎಂದು ನೀನೇ ಹೇಳಿದ್ದೆಯಲ್ಲ ಎಂದು ಅದೇ ವೈದ್ಯರು ಕನ್ನಡದಲ್ಲಿ ಕೇಳಿದರು. ಮೇಸ್ತ್ರಿ ನನ್ನ ಕಡೆ ನೋಡಿದ. ನಾನು ಗೋಡೆ ನೋಡಿದೆ.

"ಸುಳ್ಳು ಹೇಳಿದ್ದೆ ಸಾರ್. ಅವ್ರು ಒಂದು ಮೂಟೆನೂ ಹೊತ್ತಿಲ್ಲ. ಏಳ್ಲಿಕ್ಕೇ ಆಗ್ತಿರ್ಲಿಲ್ಲ. ಬಚ್ಚಲಿಗೆ ನಾನೇ ಎತ್ಕೊಂಡು ಹೋಗ್ತಿದ್ದೆ. ಒಂದಿನ ದಾರಿಲೇ ಆಗೋಯ್ತು. ಅವ್ರು ಅತ್ರು. ನಾನು ಬಟ್ಟೆ ತೊಳ್ದು ಒಣಗ್ಸಿದೆ. ಅವ್ರ ಹೆಂಡ್ತಿಗೂ ಹೇಳಿಲ್ಲ ಸಾರ್, ಇವತ್ತೇ ಹೇಳ್ತಿರೂದು."

ಹೌದೇ ಎಂದು ವೈದ್ಯರು ನನ್ನನ್ನು ಕೇಳಿದರು. ಹೌದು ಸಾರ್ ಎಂದೆ. ನಾಚಿಕೆಯಿಂದ ಕಿವಿ ಸುಟ್ಟಿತು. ಎಷ್ಟೋ ದಿನಗಳ ಮೇಲೆ ನನ್ನ ಮೈಗೆ ಸರಿಯಾಗಿ ಗೊತ್ತಾದದ್ದು ಅದೊಂದೇ.

ವಾಪಸು ಬರುವಾಗ ಬಸ್ಸು ಹಾಸನ ದಾಟಿತ್ತು. "ಅದೊಂದು ಹೇಳ್ಬಾರ್ದಿತ್ತೇನೋ" ಎಂದ ಮೇಸ್ತ್ರಿ. ಅದಕ್ಕೇ ಅವರು ನಂಬಿದ್ದು ಎಂದೆ. ಅವನು ಕಿಟಕಿಯ ಕಡೆ ತಿರುಗಿ ಕೂತ.

ಮುಂದಿನ ಕೊಯ್ಲಿನ ಹೊತ್ತಿಗೆ ಆದೇಶ ಬಂತು. ಸೇವೆಯಿಂದಲೇ ಆದದ್ದು ಎಂದು ಒಪ್ಪಿದ್ದರು. ಹೆಂಡತಿ ದೇವರಿಗೆ ದೀಪ ಹಚ್ಚಿದಳು. ನನಗೂ ಸಂತೋಷವಾಗಬಹುದೆಂದು ಕಾದೆ, ಆಗಲಿಲ್ಲ. ಮೇಸ್ತ್ರಿಗೆ ಹೇಳೋಣವೆಂದು ಕಣಕ್ಕೆ ಹೋದೆ.

ಆಳುಗಳು ಮೂಟೆ ತೂಗುತ್ತಿದ್ದರು. ಕಾಫಿ ಕೊಳ್ಳಲು ಬಂದಿದ್ದ ಹೊಸ ವ್ಯಾಪಾರಿಯೊಬ್ಬ ನನ್ನನ್ನು ನೋಡಿ, ಇವರು ಯಾರು ಎಂದು ಮೇಸ್ತ್ರಿಯನ್ನು ಕೇಳಿದ. ಮೇಸ್ತ್ರಿ ಈಗ ಏನು ಹೇಳುತ್ತಾನೆಂದು ನನಗೆ ಗೊತ್ತಿತ್ತು. ಆದಷ್ಟು ನೆಟ್ಟಗೆ ನಿಂತುಕೊಂಡೆ.

"ತೋಟದ ಓನರು. ಮಿಲಿಟರಿಲಿ ಇದ್ರು" ಎಂದ ಮೇಸ್ತ್ರಿ. ಆಳುಗಳ ಕಡೆ ತಿರುಗಿ, "ಅವ್ರಿಗೆ ಆಗಲ್ಲ. ಒಂದು ಕುರ್ಚಿ ಕೊಡಿ" ಎಂದ.

ಕುರ್ಚಿ ತಂದರು. ಕೂತೆ.