ಗಾಡಿ ಬದಲಾಯಿಸುವ ಆಟ

ನಾವು ಟೆಕ್ಸಸ್ಸಿನ ಫ್ಲವರ್ ಮೌಂಡ್ ಎಂಬ ಊರಿನಲ್ಲಿದ್ದ ಆ ಕಾಲದಲ್ಲಿ ನಮ್ಮ ಮನೆಯ ಊಟದ ಟೇಬಲ್ಲಿನ ಮೇಲೆ ಊಟಕ್ಕೆ ಜಾಗವಿರಲಿಲ್ಲ. ಯುರೋಪಿನ ರೈಲು ನಕ್ಷೆಯೊಂದು ಅದರ ಉದ್ದಗಲಕ್ಕೂ ಹಾಸಿಕೊಂಡಿತ್ತು. ಸುರುಳಿ ಸುತ್ತಿಕೊಳ್ಳದಿರಲೆಂದು ನಾಲ್ಕು ಮೂಲೆಗೆ ನಾಲ್ಕು ಡಬ್ಬಿ ಇಟ್ಟಿದ್ದೆವು: ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಉಪ್ಪಿನಕಾಯಿ, ಸಕ್ಕರೆ. ಅವ್ವ ಬಿಸಿ ರೊಟ್ಟಿ ತಂದರೆ ನಾವು ಕಾರ್ಪೆಟ್ಟಿನ ಮೇಲೆ ಕೂತು ತಿನ್ನುತ್ತಿದ್ದೆವು. ಒಮ್ಮೆ ಉಪ್ಪಿನಕಾಯಿಯ ಎಣ್ಣೆ ಚೆಲ್ಲಿ, ನಕ್ಷೆಯ ಮೇಲಿನ ವಿಯೆನ್ನಾ ಕೊನೆಯವರೆಗೂ ಬೆಳ್ಳುಳ್ಳಿ ವಾಸನೆ ಹೊಡೆಯುತ್ತಿತ್ತು.

ಧಾರವಾಡದಿಂದ ಟೆಕ್ಸಸ್‌ಗೆ ಬಂದು ಆಗ ನಮಗೆ ಮೂರು ವರ್ಷ. ನನಗೆ ಹನ್ನೊಂದು, ಅಣ್ಣ ಪ್ರಮೋದನಿಗೆ ಹದಿಮೂರು. ಅಣ್ಣನಿಗೆ ಸ್ನಾಯುಗಳು ಸವೆಯುವ ಕಾಯಿಲೆಯಿತ್ತು. ನೆಲದಿಂದ ಏಳಬೇಕಾದರೆ ಅವನು ತನ್ನ ತೊಡೆಗಳ ಮೇಲೆಯೇ ಕೈಯೂರಿ, ತನ್ನ ಮೈಯನ್ನು ತಾನೇ ಹತ್ತಿದಂತೆ ಏಳುತ್ತಿದ್ದ. ಆ ಜನವರಿಯಲ್ಲಿ ಡಾಲಸ್ಸಿನ ಡಾಕ್ಟರು, ಇನ್ನು ಒಂದು ವರ್ಷ ನಡೆದಾನು, ಹೆಚ್ಚು ಹೇಳಲಾರೆ ಎಂದರು. ವಾಪಸು ಬರುವಾಗ ಕಾರಿನಲ್ಲಿ ಅಪ್ಪ ಕೇಳಿದ, "ಪ್ರಮೋದ, ನಿನಗ ಎಲ್ಲಿಗೆ ಹೋಗಬೇಕನಸ್ತದೋ?"

"ಯುರೋಪ್. ಪೂರಾ ಟ್ರೇನಿನಾಗ," ಎಂದ ಅಣ್ಣ. ಯೋಚಿಸಲೇ ಇಲ್ಲ. ಧಾರವಾಡದಲ್ಲಿ ನಮ್ಮ ಮನೆ ರೈಲ್ವೆ ಗೇಟಿನ ಹತ್ತಿರವಿತ್ತು. ಓಡಲಾಗದ ಹುಡುಗ ಅಲ್ಲಿ ನಿಂತು ಗಾಡಿ ನೋಡುತ್ತಲೇ ಬೆಳೆದಿದ್ದ.

ಅಂದಿನಿಂದ ಅಪ್ಪ ಆಫೀಸಿನಿಂದ ಬಂದವನೇ ನಕ್ಷೆಯ ಮುಂದೆ ಕೂರತೊಡಗಿದ. ನಮ್ಮ ಕೈಗೆ ಎಟುಕುವ ಪ್ರವಾಸಕ್ಕೆ ಅವನು ಎರಡು ದಾರಿ ಕಂಡುಕೊಂಡಿದ್ದ. ದೊಡ್ಡವರ ರೈಲು ಪಾಸಿನ ಜೊತೆ ಹನ್ನೆರಡು ತುಂಬದ ಮಕ್ಕಳಿಗೆ ಟಿಕೆಟ್ ಇಲ್ಲ. ಸೆಪ್ಟೆಂಬರಿನಲ್ಲಿ ನನಗೆ ಹನ್ನೆರಡು ತುಂಬುತ್ತದೆ, ಆದ್ದರಿಂದ ಆ ಬೇಸಿಗೆಯಲ್ಲೇ ಹೋಗಬೇಕು. ಎರಡನೆಯದು, ವೇಗದ ಗಾಡಿಗಳಲ್ಲಿ ಪಾಸಿದ್ದರೂ ಸೀಟಿಗೆ ಬೇರೆ ಹಣ ಕೇಳುತ್ತಾರೆ, ಊರೂರಿಗೆ ನಿಲ್ಲುವ ಗಾಡಿಗಳಲ್ಲಿ ಕೇಳುವುದಿಲ್ಲ. ಆದರೆ ಅವುಗಳಲ್ಲಿ ಹೋದರೆ ಮತ್ತೆ ಮತ್ತೆ ಇಳಿದು ಹತ್ತಬೇಕು. ಪ್ಯಾರಿಸಿನಿಂದ ವೆನಿಸ್ಸಿಗೆ ಹೋಗಿ ವಿಯೆನ್ನಾಕ್ಕೆ ಬರುವಷ್ಟರಲ್ಲಿ ಹದಿನಾಲ್ಕು ಕಡೆ ಗಾಡಿ ಬದಲಾಯಿಸಬೇಕಿತ್ತು. ಒಟ್ಟು ಇಪ್ಪತ್ತೊಂದು ದಿನ.

ಹಾಗೆ ಹುಟ್ಟಿದ್ದು ನಮ್ಮ ಆಟ. ಅಡುಗೆಮನೆ ಜೂರಿಕ್, ಹಿತ್ತಲ ಬೇಲಿ ಮಿಲಾನ್. ಒಂದು ಪ್ಲಾಟ್‌ಫಾರ್ಮಿನಿಂದ ಇನ್ನೊಂದಕ್ಕೆ ನಡೆಯುವಷ್ಟಾಗಲೆಂದು ಹೋಗಿ ಬರುವ ದೂರವನ್ನು ಅಪ್ಪ ಹೆಜ್ಜೆ ಹಾಕಿ ಅಳೆದು ಕೊಟ್ಟಿದ್ದ. ಸಂಜೆ ಪಕ್ಕದ ಮನೆಯವರು ಹುಲ್ಲು ಕತ್ತರಿಸಿದ ಹಸಿ ವಾಸನೆಯಲ್ಲಿ, ಅಣ್ಣ ಬೆನ್ನಿಗೆ ಬ್ಯಾಗು ಹಾಕಿಕೊಂಡು, ಮೂಗಿನಲ್ಲಿ ಸ್ಟೇಷನ್ನಿನ ಅನೌನ್ಸ್‌ಮೆಂಟ್ ಮಾಡುತ್ತ, ಮುಂಗಾಲಿನ ಮೇಲೆ ತೂಗುತ್ತ ಹೊರಡುತ್ತಿದ್ದ. ನನ್ನ ಕೈಯಲ್ಲಿ ಸ್ಟಾಪ್‌ವಾಚು, ನೋಟ್‌ಬುಕ್ಕು. ಅವನು ಬಂದು ಫ್ರಿಜ್ಜಿನ ಬಾಗಿಲು ಮುಟ್ಟಿದರೆ ಗಾಡಿ ಸಿಕ್ಕಿದಂತೆ. ನಾನು ಪೀಪಿ ಊದುತ್ತಿದ್ದೆ.

ಮಾರ್ಚಿನಲ್ಲಿ ಆರು ನಿಮಿಷ. ಏಪ್ರಿಲಿನಲ್ಲಿ ಎಂಟು.

ಒಂದು ಸಂಜೆ ಅಪ್ಪ ಅವ್ವನ ಮೇಲೆ ರೇಗುತ್ತಿದ್ದುದು ನಮಗಿಬ್ಬರಿಗೂ ಕೇಳಿಸಿತು. ಅವ್ವ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಇಂಥ ಮಕ್ಕಳನ್ನು ದಿನವೂ ನೋಡುತ್ತಿದ್ದವಳು.

"ಇಷ್ಟು ಬದಲಾವಣಿ ಅವನ ಕೈಲೆ ಆಗ್ತದೇನ್ರಿ?" ಎಂದಳು.

"ಹತ್ತು ನಿಮಿಷದಾಗ ಒಂದು ಗಾಡಿ ಬದಲಾಯಿಸಾಕ ಆಗಲಿಲ್ಲ ಅಂದ್ರ ಹೋಗೂದ ಬ್ಯಾಡ ಬಿಡು! ಎಲ್ಲಾ ತಗದು ಒಗದುಬಿಡ್ತೀನಿ!"

ಅಣ್ಣ ನನ್ನ ಮುಖ ನೋಡಿದ. ಮಾರನೆಯ ದಿನ ಆಟದಲ್ಲಿ ಅವನು ಫ್ರಿಜ್ಜಿನ ಬಾಗಿಲು ಮುಟ್ಟಿದಾಗ ಹನ್ನೊಂದು ನಿಮಿಷವಾಗಿತ್ತು. ಮೇಲ್ತುಟಿಯ ಮೇಲೆಲ್ಲ ಬೆವರು.

"ಸುಮೀ, ಆರು ಅಂತ ಬರಿ."

"ಹನ್ನೊಂದಾತಲ್ಲೋ ಅಣ್ಣಾ."

"ಇವತ್ತು ಕಾಲು ನೋಯಾಕತ್ತಾವ, ಅದಕ್ಕ. ನಾಳೆ ಆರರಾಗ ಬರ್ತೀನಿ. ಬರಿಯ."

ಬರೆದೆ. ಅವನಿಗಾಗಿ ಮಾತ್ರ ಬರೆದೆ ಎಂದರೆ ಸುಳ್ಳಾಗುತ್ತದೆ. ಯುರೋಪಿಗೆ ಹೋಗುತ್ತೇನೆಂದು ನಾನು ಕ್ಲಾಸಿನ ಎಲ್ಲರಿಗೂ ಹೇಳಿಕೊಂಡಾಗಿತ್ತು. ಮರುದಿನವೂ ಆರು ಬರೆದೆ. ಅದರ ಮರುದಿನ, ತೀರಾ ಒಂದೇ ಆದರೆ ಅನುಮಾನ ಬಂದೀತೆಂದು ಆರೂವರೆ ಬರೆದೆ. ಅಪ್ಪ ಕನ್ನಡಕ ಹಣೆಗೇರಿಸಿ ನೋಟ್‌ಬುಕ್ ಓದಿ, "ಭೇಷ್," ಎಂದು ನಕ್ಷೆಯ ಮೇಲೆ ಪೆನ್ಸಿಲಿನಿಂದ ಗೆರೆ ಎಳೆಯುತ್ತಿದ್ದ. ಎಂಟು ನಿಮಿಷದ ಬದಲಾವಣೆಗಳಿಗೂ ಅವನು ಒಪ್ಪಿದ್ದು ನನ್ನ ಅಂಕಿಗಳನ್ನು ನಂಬಿ.

ಮೇ ತಿಂಗಳ ಒಂದು ಶನಿವಾರ ಅಪ್ಪ ನಮ್ಮನ್ನು ನಿಜವಾದ ರೈಲಿನಲ್ಲಿ ತಾಲೀಮಿಗೆ ಕರೆದೊಯ್ದ. ಡಾಲಸ್ ಡೌನ್‌ಟೌನಿನಲ್ಲಿ ಒಂದು ಗಾಡಿ ಇಳಿದು, ಇನ್ನೊಂದು ಪ್ಲಾಟ್‌ಫಾರ್ಮಿಗೆ ಹೋಗಿ, ಫೋರ್ಟ್ ವರ್ತಿನ ಗಾಡಿ ಹಿಡಿಯುವುದು. ಅವ್ವನಿಗೆ ಡ್ಯೂಟಿಯಿತ್ತು. ಚಿತ್ರಾನ್ನ ಕಟ್ಟಿಕೊಟ್ಟು ಹೋಗಿದ್ದಳು. ಶಾಲೆಯ ಪಿಕ್ನಿಕ್ಕುಗಳಿಗೆಂದು ತಂದಿದ್ದ, ಅಣ್ಣ ಮುಟ್ಟಲೂ ಒಪ್ಪದ ವೀಲ್‌ಚೇರು ಕಾರಿನ ಡಿಕ್ಕಿಯಲ್ಲಿತ್ತು. ಮೊದಲ ಗಾಡಿ ಹತ್ತುವ ಸ್ಟೇಷನ್ನಿನ ಪಾರ್ಕಿಂಗಿನಲ್ಲಿ ಅಪ್ಪ ಡಿಕ್ಕಿ ತೆರೆದು ನಿಂತ.

"ಕುರ್ಚಿ ತಗೊಳ್ಳೂಣೇನು?"

"ಬ್ಯಾಡಪ್ಪಾ," ಎಂದ ಅಣ್ಣ.

ಅಪ್ಪ ನನ್ನ ಕಡೆ ತಿರುಗಿದ. "ಏನವಾ ಸುಮೀ, ಆರು ನಿಮಿಷ ಹೌದಲ್ಲ? ಅಲ್ಲಿ ಎಂಟು ನಿಮಿಷ ಐತಿ."

ಅಣ್ಣ ನನ್ನನ್ನು ನೋಡಲಿಲ್ಲ. ಬ್ಯಾಗಿನ ಪಟ್ಟಿ ಸರಿಮಾಡಿಕೊಳ್ಳುತ್ತಿದ್ದ.

"ಹೌದಪ್ಪಾ," ಎಂದೆ.

ಅಪ್ಪ ಡಿಕ್ಕಿ ಮುಚ್ಚಿದ.

ಡೌನ್‌ಟೌನಿನಲ್ಲಿ ಇಳಿದಾಗ ಬಿಸಿಲು ಕಾಂಕ್ರೀಟಿನ ಮೇಲೆ ಹೊಳೆಯುತ್ತಿತ್ತು. ಅಪ್ಪ ಉತ್ಸಾಹದಲ್ಲಿ ಮುಂದೆ ಮುಂದೆ ನಡೆದ. ನಾನು ಅಣ್ಣನ ಪಕ್ಕದಲ್ಲಿದ್ದೆ. ಐದು ನಿಮಿಷ ಕಳೆದರೂ ನಾವು ಅರ್ಧ ದಾರಿಯನ್ನೂ ಮುಟ್ಟಿರಲಿಲ್ಲ. ಅತ್ತ ಫೋರ್ಟ್ ವರ್ತಿನ ಗಾಡಿ ಬಂದು ನಿಂತು ಬಾಗಿಲು ತೆರೆಯಿತು. "ಬರ್ರಿ ಬರ್ರಿ, ಐತಿ ಇನ್ನೂ!" ಎಂದು ಅಪ್ಪ ಕೈಬೀಸಿದ. ನಗುತ್ತಿದ್ದ. ಅಣ್ಣ ಓಡಲು ನೋಡಿದ. ಅವನು ಓಡಿದ್ದನ್ನು ನಾನು ಅದಕ್ಕೆ ಮೊದಲು ಕಂಡೇ ಇರಲಿಲ್ಲ. ಮೂರು ಹೆಜ್ಜೆ ಓಡಿದ. ನಾಲ್ಕನೆಯದಕ್ಕೆ ಮೊಣಕಾಲು ಮಡಚಿಕೊಂಡಿತು. ಬಿದ್ದ ಸದ್ದಿಗಿಂತ ಅವನ ತೊಡೆಯೊಳಗಿನಿಂದ ಬಂದ ಸದ್ದೇ ಜೋರಾಗಿತ್ತು.

ಗಾಡಿ ಹೊರಟುಹೋಯಿತು. ಅಪ್ಪ ಅಣ್ಣನ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಕಾದ ಕಾಂಕ್ರೀಟಿನ ಮೇಲೆ ಕೂತಿದ್ದ. ಆಂಬ್ಯುಲೆನ್ಸ್ ಬರುವವರೆಗೆ ಅವನ ಬಾಯಲ್ಲಿ ಒಂದೇ ಮಾತು: "ನಾನ ಅವಸರ ಮಾಡಿದೆ, ನಾನ ಅವಸರ ಮಾಡಿದೆ."

ತೊಡೆಯ ಮೂಳೆ ಮುರಿದಿತ್ತು. ಮೂಳೆ ಕೂಡಿಕೊಂಡಿತು. ಆದರೆ ಇಂಥ ಕಾಯಿಲೆಯಲ್ಲಿ ವಾರಗಟ್ಟಲೆ ಮಲಗಿದ ಕಾಲುಗಳು ಮತ್ತೆ ನಡಿಗೆಗೆ ಬರುವುದಿಲ್ಲ. ಅಣ್ಣ ಆಮೇಲೆ ಒಂದು ಹೆಜ್ಜೆಯನ್ನೂ ಇಡಲಿಲ್ಲ. ಡಾಕ್ಟರು ಹೇಳಿದ್ದ ಒಂದು ವರ್ಷದಲ್ಲಿ ಅವನಿಗೆ ಸಿಕ್ಕಿದ್ದು ನಾಲ್ಕು ತಿಂಗಳು.

ಆಸ್ಪತ್ರೆಯಲ್ಲಿ ಅಪ್ಪ ಕಾಫಿಗೆ ಹೋದಾಗ ಅಣ್ಣ ನನ್ನನ್ನು ಹತ್ತಿರ ಕರೆದ.

"ಬರದದ್ದು ಯಾರಿಗೂ ಹೇಳಬ್ಯಾಡ."

"ಅಪ್ಪ ತನ್ನದ ತಪ್ಪು ಅಂತ ಅಳಾಕತ್ತಾನೋ ಅಣ್ಣಾ."

"ಹೇಳಿದ್ರ ನಿನಗ ಬೈತಾರ," ಎಂದು ಗೋಡೆಯ ಕಡೆ ಮುಖ ತಿರುಗಿಸಿದ.

ನಾವು ಮನೆಗೆ ಬರುವಷ್ಟರಲ್ಲಿ ಅವ್ವ ನಕ್ಷೆ ಮಡಿಸಿ ಎತ್ತಿಟ್ಟಿದ್ದಳು. ಎಷ್ಟೋ ದಿನಗಳ ಮೇಲೆ ಟೇಬಲ್ಲಿಗೆ ಕೂತು ಉಂಡೆವು. ಯುರೋಪ್ ಎಂಬ ಮಾತು ಆ ಮನೆಯಲ್ಲಿ ಮತ್ತೆ ಬರಲಿಲ್ಲ. ಎರಡು ವರ್ಷದ ನಂತರ ಅಣ್ಣನ ಉಸಿರಾಟಕ್ಕೆ ಬೇಕಾದ ಡಾಕ್ಟರುಗಳಿಗಾಗಿ ಹ್ಯೂಸ್ಟನ್ನಿಗೆ ಶಿಫ್ಟ್ ಆದೆವು. ಅಲ್ಲಿ, ಹತ್ತೊಂಬತ್ತು ತುಂಬಿದ ಮೇಲೆ, ಒಂದು ಮಧ್ಯಾಹ್ನ ಅವನು ತೀರಿಕೊಂಡ.

ಹೋದ ವರ್ಷ ಅಪ್ಪ ಆಸ್ಟಿನ್ನಿನ ನನ್ನ ಮನೆಗೆ ಬಂದಿದ್ದ. ಚಹಾ ಕುಡಿಯುತ್ತ ಮಾತಿನ ಮಧ್ಯೆ, ಇಷ್ಟು ವರ್ಷಗಳ ನಂತರವೂ, "ಅವತ್ತು ನಾನ ಅವಸರ ಮಾಡಿದೆ," ಎಂದ. ನನಗೆ ತಡೆಯಲಾಗಲಿಲ್ಲ. ಎಲ್ಲ ಹೇಳಿದೆ. ಹನ್ನೊಂದನ್ನು ಆರು ಮಾಡಿದ್ದು, ಅನುಮಾನ ಬಾರದಿರಲೆಂದು ಆರೂವರೆ ಬರೆದದ್ದು, ಡಿಕ್ಕಿಯ ಮುಂದೆ ಹೌದೆಂದದ್ದು.

ಅವನು ಬೈಯುತ್ತಾನೆಂದು ಕಾದೆ. ಅಪ್ಪ ಚಹಾದ ಕಪ್ಪನ್ನು ಕೆಳಗಿಟ್ಟ.

"ಯಾಕ ಹಂಗ ಮಾಡಿದ್ರವಾ?"

"ಹತ್ತು ನಿಮಿಷದಾಗ ಆಗಲಿಲ್ಲ ಅಂದ್ರ ಹೋಗೂದ ಬ್ಯಾಡ ಅಂದಿದ್ದಿ, ಅಪ್ಪಾ. ನಮಗ ಕೇಳಿಸಿತ್ತು."

"ಸಿಟ್ಟಿನಾಗ ಅಂದ ಮಾತದು," ಎಂದ ಅಪ್ಪ. "ಹನ್ನೊಂದು ಅಂದಿದ್ರ ಕುರ್ಚಿ ಮ್ಯಾಲ ಕುಂಡ್ರಿಸಿಕೊಂಡು ಹೋಗ್ತಿದ್ದೆ. ಬಿಡತಿದ್ದೆನೇನು?"

ಆ ಬೇಸಿಗೆಯಲ್ಲಿ ನಾವು ಹೋಗಿದ್ದರೆ ಅಣ್ಣ ಕಿಟಕಿಯ ಪಕ್ಕ ಕೂರುತ್ತಿದ್ದ. ಇಪ್ಪತ್ತೊಂದು ದಿನ, ಹದಿನಾಲ್ಕು ಕಡೆ. ಅವನ ಕೈಗಳಲ್ಲಿ ಆಗ ಇನ್ನೂ ಶಕ್ತಿಯಿತ್ತು. ಸುರಂಗ ಬಂದರೆ ಕೈಯೆತ್ತಿ ನನಗೆ ತೋರಿಸುತ್ತಿದ್ದ.